ಅಮ್ಮ ದಿಂಬು ಮತ್ತು ಮುಚ್ಚಿದ ಬಾಯಿ

ಹಾಸಿಗೆ ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಹದಿನಾಲ್ಕನೇ ತಾರೀಖು

ನಮ್ಮ ಮೆಣಸಿನ ಅಮ್ಮಾ,

ಹೂಂ, ದಿಂಬು ಬಿಚ್ಚಿದ್ದಾಯಿತು ಕಣೇ. ಆ ಕಥೆ ಇರಲಿ, ಮೊದಲು ನಿನ್ನ ಸೊಂಟ ಹೇಗಿದೆ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಎತ್ತುವಾಗ ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ. ಹಾಸಿಗೆ ಹೊರುವವನ ಮಾತು, ಕೇಳು. ನಿದ್ದೆ ಬರುತ್ತದಾ? ಪರದೇಶದ ಹಾಸಿಗೆ ಅದೇನು ಸ್ಪಂಜೋ ಬ್ರೆಡ್ಡೋ, ದೇವರಿಗೇ ಗೊತ್ತು. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಕ್ಕನೂ ಚೆನ್ನಾಗಿದ್ದಾಳೆ, ಅಂದರೆ ದಿನಾ ನನ್ನನ್ನು ಬೈಯುವಷ್ಟು ಶಕ್ತಿ ಇದೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಅಂದರೆ ನಿನ್ನ ಮಗಳು ಮೆಣಸು ಪಕ್ಕದಲ್ಲೇ ಕಿವಿ ಅಗಲಿಸಿಕೊಂಡು ಕೂತಿರುತ್ತಾಳೆ. ಅದಕ್ಕೇ ಕಾಗದ. ಪಕ್ಕದ ಬೀದಿಯ ನರ್ಸಮ್ಮ ನಾಳೆ ನಿಮ್ಮ ಕಡೆಗೇ ವಾಪಸ್ ಹೊರಟಿದ್ದಾರೆ, ಅವರ ಕೈಗೆ ಕೊಡುತ್ತೇನೆ. ಕಾಗುಣಿತ ನೋಡಿ ನಗಬೇಡ. ಶಾಲೆಗೂ ನನಗೂ ಆಗಿಬರಲಿಲ್ಲ ಅಂತ ಗೊತ್ತಿದ್ದೇ ಮದುವೆಯಾದವಳು ನೀನು.

ಮೆಣಸು ಏನೋ ಹೇಳುವುದು, ನೀನು ಆ ತುದಿಯಲ್ಲಿ “ಏನು? ಏನಮ್ಮಾ?” ಅನ್ನುವುದು, ಅವಳು ಮುಖ ಸಣ್ಣಗೆ ಮಾಡಿಕೊಂಡು ಫೋನು ನನ್ನ ಕೈಗೆ ತುರುಕುವುದು. ಇದನ್ನು ನೋಡಲಾರದೇ ತಾನೇ ಅವಳನ್ನು ಮಾತಿನ ಥೆರಪಿ ಮೇಡಂ ಹತ್ತಿರ ಹಾಕಿದ್ದು? ಅಲ್ಲಿ ಕೂತಾಗ ರ ಅಂದರೆ ರ, ಸ ಅಂದರೆ ಸ. ಮೆಟ್ಟಿಲು ಇಳಿದು ಬೀದಿಗೆ ಬರುವಷ್ಟರಲ್ಲಿ ಎಲ್ಲ ಮಂಗಮಾಯ! ರೈಲು ಮತ್ತೆ ಲೈಲು, ಬಸ್ಸು ಮತ್ತೆ ಬತ್ತು. ಮನೆಯಲ್ಲಿ ಕೂರಿಸಿ ಹೇಳಿಸಿದ್ದೇ ಹೇಳಿಸಿದ್ದು, ಕೊನೆಗೆ ನನ್ನ ನಾಲಿಗೆಯೇ ಹೊರಳದ ಹಾಗಾಯಿತು. ಒಂದು ದಿನ ಮೇಡಂ ಪಾಠವನ್ನೇ ಮಾಡಲಿಲ್ಲ. ಅವಳ ಕೈಗೆ ಚಿತ್ರದ ಪುಸ್ತಕ ಕೊಟ್ಟು ಸುಮ್ಮನೆ ನೋಡುತ್ತಾ ಕೂತರು. ಇದಕ್ಕೂ ಫೀಸಾ ಅಂತ ನನಗೆ ಹೊಟ್ಟೆ ಉರಿ. ಆಮೇಲೆ ನನ್ನನ್ನು ಕರೆದು, “ನೋಡಿ, ಬಾಯಿ ಸದಾ ತೆರೆದೇ ಇದೆ, ನಾಲಿಗೆ ಕೆಳಗೆ ಬಿದ್ಕೊಂಡಿದೆ. ಮಗು ಮಾತಾಡೋದು ಸ್ವಲ್ಪ ಹೊತ್ತು, ಸುಮ್ನಿರೋದೇ ಹೆಚ್ಚು. ಸುಮ್ನಿದ್ದಾಗ ತುಟಿ ಮುಚ್ಚಿರ್ಬೇಕು, ನಾಲಿಗೆ ಮೇಲೆ ಅಂಗುಳಕ್ಕೆ ತಾಗಿರ್ಬೇಕು, ಉಸಿರು ಮೂಗಲ್ಲಿ ಆಡ್ಬೇಕು. ಇಲ್ಲಾಂದ್ರೆ ನಾನು ಕಲಿಸಿದ್ದೆಲ್ಲ ದಾರೀಲೇ ಜಾರಿಹೋಗುತ್ತೆ” ಅಂದರು. ನಾನು ಏನೋ ತಮಾಷೆ ಮಾಡಿ ಮೆಣಸನ್ನು ನಗಿಸಿದೆ. “ಅಪ್ಪನೂ ಸ್ವಲ್ಪ ಬಾಯಿ ಮುಚ್ಕೊಂಡ್ರೆ ಅನುಕೂಲ” ಅಂದುಬಿಟ್ಟರು. ಮದುವೆಯಾದಾಗಿನಿಂದ ನೀನು ಪುಕ್ಕಟೆ ಹೇಳಿಕೊಂಡು ಬಂದದ್ದನ್ನೇ ಆಯಮ್ಮ ಫೀಸು ತೆಗೆದುಕೊಂಡು ಹೇಳಿದರು!

ಬಾಯಿ ಮುಚ್ಚು ಅಂದರೆ ಮುಚ್ಚುತ್ತಾಳೆ, ಪಾಪ, ಮರುಗಳಿಗೆಗೆ ಮೀನಿನ ಹಾಗೆ ತೆರೆಯುತ್ತಾಳೆ. ಮೂಗು ಕಟ್ಟಿದ್ದರೆ ಇನ್ನೇನು ಮಾಡಿಯಾಳು? ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆಳಕು ಬಿಟ್ಟು ನೋಡಿ, “ಒಳಗೆಲ್ಲ ಊದಿದೆ, ಧೂಳು. ಏನನ್ನ ತಬ್ಕೊಂಡು ಮಲಗ್ತಾಳೆ?” ಅಂದರು. ಆಗ ನೋಡು, ನನ್ನ ಬಾಯಿ ನಿಜವಾಗಿ ಮುಚ್ಚಿತು. ನೀನು ಹೋದ ಮೇಲೆ ಅವಳು ಮಲಗದೆ ಹಟ ಹಿಡಿದಾಗ ನಿನ್ನಷ್ಟೇ ಉದ್ದದ ‘ಅಮ್ಮ ದಿಂಬು’ ಹೊಲಿದುಕೊಟ್ಟಿದ್ದೆನಲ್ಲ, ಅದಕ್ಕೆ ತುಂಬಿದ್ದು ನಮ್ಮ ಹಾಸಿಗೆಯಲ್ಲಿ ನಿನ್ನ ಮಗ್ಗುಲಿನ ಹತ್ತಿ. ಊರವರ ಹತ್ತಿಯನ್ನೆಲ್ಲ ಹಿಂಜಿ, ಬಿಸಿಲಿಗೆ ಹಾಕಿ ತುಂಬುವ ನಾನು ಇದನ್ನು ಮಾತ್ರ ಹಿಂಜಲಿಲ್ಲ, ಒದರಲೂ ಇಲ್ಲ. ನಿನ್ನ ವಾಸನೆ ಹೋಗಿಬಿಡುತ್ತದಲ್ಲ ಅಂತ. ವಾಸನೆ ಉಳಿಯಿತೋ ಇಲ್ಲವೋ, ಧೂಳು ಉಳಿಯಿತು.

ಬಿಚ್ಚಬೇಕು ಕೊಡು ಅಂತ ಕೇಳಿದರೆ ಮೆಣಸು ಕೊಡಲಿಲ್ಲ. ದಿಂಬಿನ ಮೇಲೆ ಬಿದ್ದು ಹೊರಳಿದಳು. “ಕದ್ದು ಬಿಚ್ಚೋ, ಅವಳಿಗೇನು ಗೊತ್ತಾಗುತ್ತೆ” ಅಂದಳು ಅಕ್ಕ. ಮನಸ್ಸಾಗಲಿಲ್ಲ. ಮೇಡಮ್ಮೇ ಅವಳ ಮುಂದೆ ಕನ್ನಡಿ ಹಿಡಿದು, ದಿಂಬಿನ ಧೂಳು ಹೋಗಿ ಮೂಗು ಬಿಟ್ಟರೆ ನಾಲಿಗೆ ಮೇಲೆ ಅಂಗುಳದಲ್ಲಿ ಮನೆ ಮಾಡುತ್ತೆ, ಆಗ ಅಮ್ಮನಿಗೆ ನಿನ್ನ ಮಾತು ಗೊತ್ತಾಗುತ್ತೆ ಅಂತ ಬಿಡಿಸಿ ಹೇಳಿದರು. ಮಾರನೆಯ ದಿನ ದಿಂಬನ್ನು ನೆಲದ ಮೇಲೆ ಎಳೆದುಕೊಂಡು ತಾನೇ ಅಂಗಡಿಗೆ ಬಂದಳು. ತಾರಸಿಗೆ ಒಯ್ದು ಹೊಲಿಗೆ ಬಿಚ್ಚಿದೆ. ಅವಳು ದೂರ ಬಾಗಿಲಲ್ಲಿ ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಲೇ ಇದೆ, ತುಟಿ ಮಾತ್ರ ಬಿಗಿಯಾಗಿ ಮುಚ್ಚಿದೆ. ಮೇಡಂ ಹೇಳಿದ್ದಾರಲ್ಲ, ಬಾಯಿ ತೆರೆಯಬಾರದು ಅಂತ. “ಬಾಯಿ ಬಿಟ್ಟು ಅಳು ಮಗಳೇ” ಅಂದೆ. ಇಲ್ಲ ಅಂತ ತಲೆಯಾಡಿಸಿದಳು. ಆವತ್ತು ನನಗೆ ಒಂದೂ ತಮಾಷೆ ಹೊಳೆಯಲಿಲ್ಲ ಕಣೇ.

ಈಗ ಹೊಸ ಹತ್ತಿಯ ಚಿಕ್ಕ ದಿಂಬು. ಇವತ್ತು ಮಧ್ಯಾಹ್ನ ಮಲಗಿದ್ದಾಗ ಬಗ್ಗಿ ನೋಡಿದೆ, ತುಟಿ ಕೂಡಿದೆ, ಉಸಿರು ಮೂಗಲ್ಲೇ. ಸ ಇನ್ನೂ ಜಾರುತ್ತದೆ, ರ ಮಾತ್ರ ಮನೆವರೆಗೂ ಬಂದು ಗಟ್ಟಿಯಾಗಿ ಕೂತಿದೆ. ನಮ್ಮ ಹಾಸಿಗೆಯ ಆ ಮಗ್ಗುಲಿಗೆ ನಾನಿನ್ನೂ ಹತ್ತಿ ತುಂಬಿಲ್ಲ. ಊರಿಗೆಲ್ಲ ಹಾಸಿಗೆ ಹೊಲಿಯುವವನ ಮನೆಯಲ್ಲಿ ಅರ್ಧ ಹಾಸಿಗೆ, ನಗಬೇಡ.

ಅಜ್ಜಿಗೆ ನನ್ನ ನಮಸ್ಕಾರ ಹೇಳು, ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅಕ್ಕ ಒಳಗಿಂದ ತಟ್ಟೆ ಬಡಿಯುತ್ತಿದ್ದಾಳೆ, “ಅದೇನು ಬರೀತೀಯೋ, ಊಟ ಆರಿಹೋಗ್ತಿದೆ, ಬಾರೋ!”

ನಿನ್ನ,
ಬಾಯಿ ಮುಚ್ಚದವನು

ಮರೆತೆ: ಮೆಣಸು ದಿನಾ ನನ್ನನ್ನು ಒಂದೇ ಮಾತು ಕೇಳುತ್ತಾಳೆ. ತೊದಲುತ್ತಿದ್ದಾಗ ಅರ್ಥವಾಗದವನ ಹಾಗೆ ನಗಿಸಿ ಜಾರಿಕೊಳ್ಳುತ್ತಿದ್ದೆ. ಈಗ ಬಿಡಿಸಿ ಬಿಡಿಸಿ ಕೇಳುತ್ತಾಳೆ, “ಅಪ್ಪಾ, ಅಮ್ಮ ಯಾವಾಗ ಬರ್ತಾಳೆ?” ಮುಂದಿನ ವಾರ ಫೋನಿನಲ್ಲಿ ನಿನ್ನನ್ನೇ ಕೇಳುತ್ತಾಳಂತೆ, ಕನ್ನಡಿ ಮುಂದೆ ಅಭ್ಯಾಸ ನಡೆದಿದೆ. ಆ ಮನೆಯವರು ಇನ್ನಷ್ಟು ಕಾಲ ಇರು ಅನ್ನುತ್ತಿದ್ದಾರೆ ಅಂದೆಯಲ್ಲ, ಗೊತ್ತು. ಆದರೂ ಕೇಳಿಸಲಿಲ್ಲ ಅನ್ನಬೇಡ. ಒಂದು ತಾರೀಖು ಯೋಚಿಸಿ ಇಟ್ಟುಕೊಂಡಿರು.