ನಲವತ್ತಕ್ಕೆ ಪಾಸು

ಪುಂಜಾಲಕಟ್ಟೆ
೧೧ ಆಗಸ್ಟ್ ೨೦೨೪, ಆದಿತ್ಯವಾರ

ಪ್ರೀತಿಯ ವಿನೋದಾ,

ನೀನೂ ಅಳದಂಗಡಿಯ ಅತ್ತೆಯೂ ಸೌಖ್ಯವೆಂದು ನಂಬಿದ್ದೇನೆ. ಫೋನು ಬಿಟ್ಟು ಇದೇನು ಪತ್ರ ಎಂದು ನಗಬೇಡ. ಫೋನಿನಲ್ಲಿ ನೀನು ಏನು ಹೇಳಿದರೂ ನಾನು ಹಾಂ ಹಾಂ ಅನ್ನುವುದು, ನೀನು ಸಿಟ್ಟಿನಿಂದ ಇಟ್ಟುಬಿಡುವುದು. ಅದರ ಕಾರಣ ಈಗ ಗೊತ್ತಾಯಿತು. ನನಗೆ ಕಿವಿ ಕೇಳುವುದಿಲ್ಲ.

ನನಗೇ ತಿಳಿದಿರಲಿಲ್ಲ. ಇತ್ತೀಚೆಗೆ ಜನರೆಲ್ಲ ಬಾಯೊಳಗೇ ಮಾತಾಡುತ್ತಾರೆ ಎಂದುಕೊಂಡಿದ್ದೆ. ನಮ್ಮ ಹೋಟೆಲಿನಲ್ಲಿ ಗೋಳಿಬಜೆ ಕೇಳಿದವರಿಗೆ ಬನ್ಸ್ ಕೊಟ್ಟು, ತಪ್ಪು ಅವರದೇ ಎಂದು ವಾದ ಮಾಡಿದ್ದೂ ಉಂಟು. ಜೂನ್‌ನಲ್ಲಿ ಮಹಮ್ಮದ್ ಕುಂಞಿ ನನ್ನ ಹಿಂದೆ ರಿಕ್ಷಾ ನಿಲ್ಲಿಸಿ ಹಾರ್ನ್ ಹೊಡೆದೇ ಹೊಡೆದನಂತೆ. ನಾನು ರಸ್ತೆ ಮಧ್ಯದಿಂದ ಕದಲಲಿಲ್ಲ. ಇಳಿದು ಬಂದು ಬೈದ, ಮತ್ತೆ ನನ್ನ ಮುಖ ನೋಡಿ, ನನಗೆ ಹಾರ್ನ್ ಕೇಳಿಸಿಯೇ ಇಲ್ಲವೆಂದು ತಿಳಿದುಕೊಂಡ. ಮರುದಿನ ಅವನೇ ಬೆಳ್ತಂಗಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಕುಂದಿದೆ, ಯಂತ್ರ ಬೇಕು ಎಂದರು ಡಾಕ್ಟರು. ಶೇಕಡಾ ನಲವತ್ತಾದರೂ ಕಿವುಡಿದ್ದರೆ ಅಂಗವಿಕಲರ ಕಾರ್ಡ್ ಸಿಗುತ್ತದೆ, ಆ ಕಾರ್ಡಿನಲ್ಲಿ ಯಂತ್ರ ಸರಕಾರದಿಂದಲೇ ಬರುತ್ತದೆ, ಕಡಿಮೆಯಾದರೆ ಏನೂ ಇಲ್ಲ. ಶಾಲೆಯಲ್ಲಿ ಮೂವತ್ತೈದಕ್ಕೆ ಪಾಸು, ಇಲ್ಲಿ ನಲವತ್ತು, ಓದಿಕೊಂಡು ಹೋಗು ಮಾರಾಯ ಎಂದ ಕುಂಞಿ.

ಮಂಗಳೂರಿನ ಆಸ್ಪತ್ರೆಯಲ್ಲಿ ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಗಾಜಿನ ಆಚೆ ಸುರಕ್ಷಾ ಎಂಬ ಹುಡುಗಿ ಯಂತ್ರ ನಡೆಸುತ್ತಿದ್ದಳು. ಪರೀಕ್ಷೆ ಎಂದ ಮೇಲೆ ನನಗೂ ಹಠ. ಶಬ್ದ ಕೇಳದಿದ್ದರೂ, ಅವಳ ಬೆರಳು ಆಡಿದಾಗಲೆಲ್ಲ ಒತ್ತಿದೆ. ಬಂದದ್ದು ಮೂವತ್ತು. ಕಾರ್ಡಿಲ್ಲ. ಪರೀಕ್ಷೆ ಚೆನ್ನಾಗಿ ಮಾಡಿ ಫೇಲಾದವನು ನಾನೊಬ್ಬನೇ ಇರಬೇಕು.

ಹೊರಟಾಗ ಸುರಕ್ಷಾ ಹಿಂದಿನಿಂದ ಕರೆದಳಂತೆ, ಕೊಡೆ ಬಿಟ್ಟು ಹೋಗಿದ್ದೆ. ನಾನು ನಡೆದೇ ನಡೆದೆ. ಅವಳಿಗೆ ಸಂಶಯ ಬಂದು, ಮತ್ತೆ ಒಳಗೆ ಕೂರಿಸಿ ಕುರ್ಚಿಯನ್ನು ಗೋಡೆಗೆ ತಿರುಗಿಸಿದಳು. ಆಮೇಲೆ ಎಷ್ಟು ಮೌನವಿತ್ತೆಂದರೆ, ಪರೀಕ್ಷೆ ಇನ್ನೂ ಶುರುವಾಗಿಲ್ಲವೆಂದೇ ತಿಳಿದು ಕೂತಿದ್ದೆ. ಶೇಕಡಾ ಐವತ್ತೆರಡು. ಜೊತೆಗೆ ಬಂದು ಹೊರಗೆ ಕಾಯುತ್ತಿದ್ದ ಕುಂಞಿ ಕೈ ಕುಲುಕಿದ.

ಎದುರು ನಿಂತವರ ತುಟಿ ನೋಡಿ ನೀವು ಎಲ್ಲ ತಿಳಿದುಕೊಳ್ಳುತ್ತೀರಿ, ಬೆನ್ನ ಹಿಂದಿನ ಮಾತು ನಿಮಗಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದಳು ಸುರಕ್ಷಾ. ಆಗ ನೀನು ನೆನಪಾದೆ. ಒಲೆಯ ಕಡೆ ತಿರುಗಿ ನೀನು ಹೇಳಿದ್ದೆಲ್ಲ, ನಾನು ಉತ್ತರ ಕೊಡದೆ ಹೋದದ್ದೆಲ್ಲ. ನೀನು ಹೊರಟ ದಿನವೂ ಹೋಟೆಲಿನ ಬಾಗಿಲಲ್ಲಿ ಬೆನ್ನು ಹಾಕಿ, ಚಪ್ಪಲಿ ಮೆಟ್ಟುತ್ತಾ ಏನೋ ಹೇಳಿದೆ. ತವರಿಗೆ ಹೋಗಿ ಬರುತ್ತೇನೆ ಎಂದಿರಬೇಕೆಂದು ನಾನು ತಲೆಯಾಡಿಸಿದೆ. ಬೆಂಚಿನಲ್ಲಿದ್ದ ಕುಂಞಿಗೆ ಕೇಳಿಸಿದೆಯಂತೆ. ಏನೆಂದಳು ಎಂದರೆ, ಅವಳನ್ನೇ ಕೇಳು ಎನ್ನುತ್ತಾನೆ.

ಅದಕ್ಕೇ ಬರೆಯುತ್ತಿದ್ದೇನೆ. ಬಂದು ಎದುರು ನಿಂತು ಇನ್ನೊಮ್ಮೆ ಹೇಳು. ಬೈಗುಳವಾದರೂ ಸರಿ, ಈ ಸಲ ಪೂರ್ತಿ ಕೇಳುತ್ತೇನೆ.

ಐವತ್ತೆರಡು ಪಾಲು ಕಿವುಡ, ನೂರು ಪಾಲು ನಿನ್ನ,
ಸುಧಾಕರ

ತಾ.ಕ.: ಪೋಸ್ಟಿಗೆ ಹಾಕಲು ತಡವಾಯಿತು, ಅಷ್ಟರಲ್ಲಿ ಯಂತ್ರ ಬಂತು. ಹಾಕಿಕೊಂಡು ಕ್ಯಾಶಿನಲ್ಲಿ ಕೂತೆ. ವಿನೋದಕ್ಕ ಹೋದ ಮೇಲೆ ಇಲ್ಲಿಯ ಸಾಂಬಾರು ಬಾಯಿಗಿಡಲು ಆಗುವುದಿಲ್ಲ ಎಂದು ಹಿಂದಿನ ಟೇಬಲಿನವರು ಹೇಳುತ್ತಿದ್ದರು. ದಿನಾ ಹೇಳುತ್ತಾರಂತೆ, ಗಟ್ಟಿಯಾಗಿಯೇ. ಯಂತ್ರ ತೆಗೆದು ಕಿಸೆಯಲ್ಲಿಟ್ಟುಕೊಂಡೆ.