ರೈಮೊ ತಂದ ಬೈರಿಗೆ

ತಮ್ಮಾ ತೈಸ್ತೊ,

ಶನಿವಾರ ನಿನ್ನ ಗೋರಿಗೆ ಮೋಂಬತ್ತಿ ಹಚ್ಚಿ ಮನೆಗೆ ಬಂದಿದ್ದೆ. ನಿನ್ನ ನೆರೆಮನೆಯ ರೈಮೊ ಬಾಗಿಲು ತಟ್ಟಿದ. ಕೈಯಲ್ಲಿ ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ಬೈರಿಗೆ.

"ಇಟ್ಕೋ ಹಿಲ್ಕಾ, ನಂಗಿನ್ನು ಬೇಡ."

ಕೆರೆ ಈಗಷ್ಟೇ ಹೆಪ್ಪುಗಟ್ಟುತ್ತಿದೆ. ಇಡೀ ಚಳಿಗಾಲ ಮುಂದಿರುವಾಗ ನಮ್ಮಲ್ಲಿ ಯಾರು ಬೈರಿಗೆ ಕೊಟ್ಟುಬಿಡುತ್ತಾರೆ?

ಯಾರ ಮನಸ್ಸನ್ನೂ ಕೆದಕದಿರುವುದೇ ಮರ್ಯಾದೆ ಅಂದುಕೊಂಡ ಜನ ನಾವು. ಆ ಮರ್ಯಾದೆಗೆ ಬೆಂಕಿ ಬೀಳಲಿ ಅಂತ ಅವನ ತೋಳು ಹಿಡಿದು ಒಳಗೆಳೆದು ಕೂರಿಸಿದೆ.

"ಸಾಯೋ ಯೋಚನೆ ಮಾಡ್ತಿದ್ದೀಯೇನೋ?"

ಟೋಪಿ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ "ಹೂಂ" ಅಂದ.

ಕಾಫಿ ಬಗ್ಗಿಸಿದೆ. "ಕುಡಿ. ಆಮೇಲೆ ಇಬ್ರೂ ಆಸ್ಪತ್ರೆಗೆ ಹೋಗೋಣ."

"ನಿನ್ನ ಕಾಫಿ ಕುಡಿದ್ರೆ ಆಸ್ಪತ್ರೆ ತನಕ ಉಳಿಯಲ್ಲ."

"ಬಾಯ್ಮುಚ್ಕೊಂಡು ಕುಡಿಯೋ!"

ನಕ್ಕ, ಆಮೇಲೆ ಅತ್ತ. ಹೆಂಡತಿ ಹೋದಾಗಿನಿಂದ ಯಾರ ಹತ್ತಿರವೂ ಆಡದ್ದನ್ನೆಲ್ಲ ದಾರಿಯುದ್ದಕ್ಕೂ ಆಡಿದ. ಆಸ್ಪತ್ರೆಯಲ್ಲಿ ನರ್ಸ್ ಕೂಡ ನನ್ನ ಹಾಗೇ ನೇರವಾಗಿ ಕೇಳಿದಳು. ಈಗ ಅವನ ಮಗಳು ಬಂದು ಜೊತೆಗಿದ್ದಾಳೆ, ಡಾಕ್ಟರ ಹತ್ತಿರ ಹೋಗಿಬರುತ್ತಿದ್ದಾನೆ.

ಇವತ್ತು ಬಂದು ಬೈರಿಗೆ ವಾಪಸು ಒಯ್ದ.

"ಐಸ್ ಗಟ್ಟಿಯಾಗ್ಲಿ, ಇಬ್ರೂ ಹೋಗೋಣ. ನಿನ್ಹತ್ರ ಬೈರಿಗೆ ಇದೆಯಾ?"

ಇದೆ ಅಂದೆ. ಕೊನೇ ಸಲ ಬಂದಾಗ ನೀನೂ "ನಂಗಿನ್ನು ಬೇಡ" ಅಂತ ಕೊಟ್ಟದ್ದು ಸೌದೆಮನೆಯ ಗೋಡೆಗೆ ತೂಗುತ್ತಿದೆ. ಪ್ರತಿವರ್ಷ ಎಣ್ಣೆ ಹಚ್ಚುತ್ತೇನೆ, ಅದರ ಮೊನೆ ಇನ್ನೂ ಹರಿತವಾಗಿದೆ. ಅವತ್ತು ಅದನ್ನು ತೆಗೆದುಕೊಂಡು ಥ್ಯಾಂಕ್ಸ್ ಅಂದಿದ್ದೆ. ಚಳಿ ಒಳಗೆ ಬರುತ್ತದೆಂದು ಬಾಗಿಲು ಹಾಕಿಕೊಂಡಿದ್ದೆ.

ಹಿಲ್ಕಾ