ಮಾವನ ಹೊಸ ಗಂಟಲು

ಮಾರ್ಚ್ 3, ಸೋಮವಾರ. ಸಂಜೆ

ಅಂಗಡಿಯಲ್ಲಿ ಇಡೀ ದಿನ ಕನ್ನಡಕದ ಗಾಜು ಉಜ್ಜಿದ್ದೇ ಉಜ್ಜಿದ್ದು. ಒಂದರ ಅಂಚಿನಲ್ಲಿ ಚಕ್ಕೆ ಎದ್ದಿತು. ಓನರ್ ತಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು, ಅಷ್ಟೇ ಸಾಕಾಯಿತು. ಮನೆಗೆ ಬಂದರೆ ಫ್ರಿಜ್ಜಿನ ಸದ್ದು ಬಿಟ್ಟು ಬೇರೇನೂ ಇಲ್ಲ.

ಸೊಸೆಯಾಗಿ ಬಂದ ಹೊಸದರಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಮಾವ ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವರು. ಮನೆಯಲ್ಲೂ ಅದೇ ಗಂಟಲು — ಮಾವ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ಅತ್ತೆ ಅದಕ್ಕೆ ಸರಿಜೋಡಿ. ಬೆಳಗ್ಗೆ ಹಾಲು ಬಂದಾಗ ಹತ್ತಿದ ಜಗಳ ಮಲಗುವಾಗ ಆರುತ್ತಿತ್ತು.

ಹೋದ ವರ್ಷ ಗಂಟಲಿನ ಕಾಯಿಲೆ. ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಈಗ ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಮಾತಿಲ್ಲ.

ಗಂಟಲಿಗೆ ಒತ್ತಿ ಹಿಡಿಯುವ ಮಿಷನ್ ಕೊಟ್ಟಿದ್ದರು. ಒತ್ತಿದ ಕಡೆ ನೋವು, ಬಿಟ್ಟರು. ಸ್ಲೇಟು ಕೊಟ್ಟೆವು. ಬರೆದು ಮುಗಿಸುವಷ್ಟರಲ್ಲಿ ಸಿಟ್ಟೇ ಆರಿಹೋಗುತ್ತಿತ್ತು. ನನ್ನ ಗಂಡ ಫೋನಿನಲ್ಲಿ ಯಾವುದೋ ಓದುವ ಆ್ಯಪ್ ಹಾಕಿಕೊಟ್ಟರು. ಮಾವನದು ದಪ್ಪ ಬೆರಳು, ಒಂದಕ್ಷರ ಒತ್ತಿದರೆ ಮೂರು ಬೀಳುತ್ತಿತ್ತು. ಫೋನು ಎಸೆದರು. ಗೋಡೆಗಲ್ಲ, ದಿಂಬಿನ ಮೇಲೆ.

ಈಗ ಕೋಣೆ ಬಿಟ್ಟು ಬರುವುದಿಲ್ಲ. ಯಾರಾದರೂ ನೋಡಲು ಬಂದರೆ ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಾರೆ. ಅತ್ತೆಯ ಬಾಯಲ್ಲೂ ಮೂರೇ ಮಾತು ಉಳಿದಿದೆ. ಏಳಿ... ತಗೊಳ್ಳಿ... ಮಾತ್ರೆ.

ಮಾರ್ಚ್ 5, ಬುಧವಾರ

ಅಟ್ಟದಲ್ಲಿ ಬೇರೇನೋ ಹುಡುಕುವಾಗ ನನ್ನ ಗಂಡನ ಕಾಲೇಜಿನ ಕಾಲದ ಲ್ಯಾಪ್‌ಟಾಪ್ ಸಿಕ್ಕಿತು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಧೂಳು ಒರೆಸಲು ಹಾಲ್‌ನಲ್ಲಿ ಇಟ್ಟಿದ್ದೆ. ಮಾವ ಬಚ್ಚಲಿಗೆ ಹೋಗುವಾಗ ನಿಂತರು. ಒಂದು ಕೀ ಒತ್ತಿದರು. ಟಕ್. ಇನ್ನೊಂದು. ಟಕ್. ದೊಡ್ಡ ದೊಡ್ಡ ಕೀಗಳು, ಬೆರಳಿಗೆ ಸರಿಯಾಗಿ ಕೂರುವಂಥವು. ಮಿಷನ್ ಆನ್ ಕೂಡ ಆಗಿರಲಿಲ್ಲ. ಆದರೂ ನಿಂತೇ ನಾಲ್ಕೈದು ಸಲ ಒತ್ತಿ ನೋಡಿ ಹೋದರು.

ಓಹೋ, ಅಂದುಕೊಂಡೆ.

ಸ್ವಿಚ್ ಹಾಕಿದೆ. ಟೀ ಕುದಿಯಿತು, ಕುಡಿದೆವು, ಲೋಟ ತೊಳೆದಿಟ್ಟೆ. ಅದು ಇನ್ನೂ ಏಳುತ್ತಲೇ ಇತ್ತು. ಎದ್ದ ಮೇಲೂ ಪರದೆಯ ಮೇಲಿನ ಬಾಣ ಅಲ್ಲಾಡಲಿಲ್ಲ. ಬ್ಯಾಟರಿಯಂತೂ ಸತ್ತು ಯಾವ ಕಾಲವಾಯಿತೋ.

ಇವರು — "ಗುಜರಿಗೆ ಹಾಕು ಅತ್ಲಾಗೆ."
ನಾನು — "ಹಾಕಲ್ಲ."

ಮಾರ್ಚ್ 6

ಊಟದ ಬಿಡುವಿನಲ್ಲಿ ಜೆರಾಕ್ಸ್ ಅಕ್ಕನ ಹತ್ತಿರ ಹೊತ್ತೊಯ್ದೆ. ನಮ್ಮ ಅಂಗಡಿಗೆ ಎರಡು ಮಳಿಗೆ ಆಚೆ ಅವಳದು. ಅಲ್ಲಿರುವ ಕಂಪ್ಯೂಟರುಗಳೆಲ್ಲ ಬೇರೆಯವರು ಬೇಡ ಅಂತ ಬಿಸಾಡಿದವು. ಒಂದೂ ನಿಂತದ್ದು ನೋಡಿಲ್ಲ.

ಮುಚ್ಚಳ ತೆಗೆದು, ಊದಿ, ಹಲ್ಲು ನೋಡುವ ಡಾಕ್ಟರ ಹಾಗೆ ಟಾರ್ಚ್ ಬಿಟ್ಟು ನೋಡಿದಳು.

"ವಯಸ್ಸಾಯ್ತು ಅಂತ ಓಡ್ತಿಲ್ಲ ಅನ್ಕೊಂಡ್ಯಾ? ತಲೆ ಮೇಲಿನ ಹೊರೆ ಜಾಸ್ತಿ ಆಗಿದೆ. ಇಳಿಸೋಣ."

ಹಳೆಯ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕುತ್ತಾಳಂತೆ. ಹೆಸರು ಪಪ್ಪಿ. ಇಡೀ ಸಿಸ್ಟಮ್ ಒಂದು ಸೀಡಿಯಲ್ಲಿ ಹಿಡಿಯುತ್ತದಂತೆ. ಅದಕ್ಕೆ ನಮ್ಮ ಅಕ್ಷರ ಸೇರಿಸಬಹುದು, ಬರೆದದ್ದನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಮೂ ಸೇರಿಸಬಹುದು.

"ದನಿ ಕೇಳಿ ನಗ್ಬಾರ್ದು ಮತ್ತೆ."
"ನಗು ಬಂದ್ರೆ ಬರ್ಲಿ ಅಕ್ಕಾ. ನಮ್ಮನೇಲಿ ನಕ್ಕು ಬಹಳ ದಿನ ಆಯ್ತು."

ಪೆನ್‌ಡ್ರೈವ್ ಹಾಕಿದರೆ ಈ ಮಿಷನ್ನಿಗೆ ಗುರುತೇ ಸಿಗಲಿಲ್ಲ, ಅಷ್ಟು ಹಳೆಯದು. ಸೀಡಿಯೇ ಬೇಕು. ಖಾಲಿ ಸೀಡಿ ಈಗ ಯಾರು ಮಾರುತ್ತಾರೆ? ಅಕ್ಕ ಡ್ರಾಯರಿನ ತಳದಿಂದ ಒಂದು ತೆಗೆದಳು, ಒಂದೇ ಒಂದು. ಅದರ ಮೇಲೆ ಯಾರದೋ ಮದುವೆ ಫೋಟೋ ಅಂತ ಬರೆದಿತ್ತು. ಒಳಗೆ ಏನೂ ಇರಲಿಲ್ಲ. ಪಾಪ.

ಮಾರ್ಚ್ 9, ಭಾನುವಾರ

ಆಗಲಿಲ್ಲ.

ಅಕ್ಕ ಮನೆಗೇ ಬಂದಿದ್ದಳು. ಸೀಡಿ ತಿರುಗಿತು, ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರ ಇಳಿದವು, ಎದೆ ಹಿಗ್ಗಿತು... ಅಲ್ಲೇ ನಿಂತಿತು. ಮತ್ತೆ ಹಾಕಿದರೂ ಅಲ್ಲೇ. ಮೂಲೆಯಲ್ಲಿ ಒಂದು ಗೆರೆ ಮಿಣಕ್ ಮಿಣಕ್. ಮೆಮೊರಿ ಸಾಲದು ಅಂದಳು.

ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈ ಬೀಸಿದರು, ಹೋಗಲಿ ಬಿಡಿ ಅನ್ನುವ ಹಾಗೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಸೆ ಹುಟ್ಟಿಸಬಾರದಿತ್ತೇನೋ.

ಮಾರ್ಚ್ 17, ಸೋಮವಾರ

ಬರೆಯುವ ಮನಸ್ಸಿರಲಿಲ್ಲ. ಮಾವನಿಗೆ ಕೆಮ್ಮು ಏರಿ ಆಸ್ಪತ್ರೆ. ಮತ್ತೆ ಅದೇ ಕಾಯಿಲೆಯೇನೋ ಅಂತ ಎಲ್ಲರ ಎದೆ ಢವಢವ. ಬರೀ ಶೀತ ಅಂದರು. ಕಳುಹಿಸುವಾಗ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಗಂಟಲು ಚೆನ್ನಾಗಿದೆಯಮ್ಮ. ಆದ್ರೆ ಇವ್ರು ಹೀಗೇ ಗೋಡೆ ನೋಡ್ಕೊಂಡು ಕೂತ್ರೆ ಉಳಿದಿದ್ದೂ ಕೈ ಕೊಡುತ್ತೆ."

ಇವತ್ತು ಅಕ್ಕ ಬಂದಳು, ಕೈಯಲ್ಲಿ ಬೆರಳಗಲದ ಹಸಿರು ಮೆಮೊರಿ ಪಟ್ಟಿ. ಸತ್ತುಹೋದ ಇನ್ನೊಂದು ಲ್ಯಾಪ್‌ಟಾಪಿನ ರ‍್ಯಾಮ್. ತಳದ ಸ್ಕ್ರೂ ಬಿಚ್ಚಿ ಒತ್ತಿದಳು, ಟಕ್ ಅಂತ ಕೂತಿತು. ಸೀಡಿ ಹಾಕಿದಳು. ಸಾಲುಗಳು ಇಳಿದವು. ಹೋದ ಸಲ ನಿಂತ ಜಾಗ ದಾಟಿತು. ಉಸಿರು ಬಿಗಿಹಿಡಿದೆ. ಪರದೆ ಬೆಳಗಿತು, ಮತ್ತು—

ಬೌ! ಬೌ!

ನಿಜವಾಗಿ. ಬೊಗಳಿತು! ಅತ್ತೆ ಅಡುಗೆಮನೆಯಿಂದ ಪೊರಕೆ ಹಿಡಿದು ಓಡಿಬಂದರು.

"ಯಾರು ನಾಯಿ ಒಳಗೆ ಬಿಟ್ಟಿದ್ದು?"
"ಅತ್ತೆ, ಇದು ಕಂಪ್ಯೂಟರ್. ಎದ್ದೆ ಅಂತ ಹೇಳ್ತಿದೆ."
ಮಂಚದ ಕೆಳಗೆ ಬಗ್ಗಿ ನೋಡಿಯೇ ನಂಬಿದರು. "ನನ್ನ ಮಗನಿಗೂ ಒಂದು ಹಾಕ್ಸು. ಎದ್ದಿದ್ದಾನೋ ಇಲ್ವೋ ಗೊತ್ತೇ ಆಗಲ್ಲ."

ಅತ್ತೆ ತಮಾಷೆ ಮಾಡಿದ್ದು! ಅಕ್ಕ ನಗುತ್ತಾ ನೆಲಕ್ಕೇ ಕೂತಳು.

ಮಾರ್ಚ್ 18

ರಜೆ ಹಾಕಿದೆ. ಪ್ರತಿ ಕೀ ಮೇಲೂ ಬಿಳಿ ನೇಲ್ ಪಾಲಿಶ್‌ನಲ್ಲಿ ನಮ್ಮ ಅಕ್ಷರ ಬರೆದೆ. ಗಾಜು ಕೊರೆದು ಪಳಗಿದ ಕೈ, ಒಂದೂ ಕದಡಲಿಲ್ಲ. ಅಕ್ಕ ಓದುವ ಪ್ರೋಗ್ರಾಮ್ ಜೋಡಿಸಿದಳು. ದನಿ ಹೇಗಿದೆಯೆಂದರೆ — ಯಾರೋ ಮೂಗು ಹಿಡಿದುಕೊಂಡು ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ನಕ್ಕೆ. ನಗಲ್ಲ ಅಂತ ಮಾತು ಕೊಟ್ಟಿರಲಿಲ್ಲವಲ್ಲ.

ಮಾವನನ್ನು ಕರೆತಂದು ಕೂರಿಸಿದೆವು. ಬೇಡ ಅಂತ ತಲೆ ಅಲ್ಲಾಡಿಸಿದರು. ಆದರೆ ಕೈ ಆಗಲೇ ಕೀ ಮೇಲೆ ಹೋಗಿತ್ತು. ಟಕ್... ಟಕ್... ಒಂದೊಂದೇ. ನಾನು, ಇವರು, ಅಕ್ಕ, ಬಾಗಿಲಿಗೆ ಒರಗಿದ ಅತ್ತೆ. ಇಷ್ಟು ದಿನದ ಮೇಲೆ ಮೊದಲ ಮಾತು ಏನಿರಬಹುದು? ಇವರ ಕಣ್ಣು ಆಗಲೇ ಒದ್ದೆ.

ಮಿಷನ್ ಹೇಳಿತು — "ಟೀಗೆ ಸಕ್ಕರೆ ಸಾಲದು."

ಮಾವ ಮತ್ತೆ ಒತ್ತಿದರು. "ಆಸ್ಪತ್ರೆಯಿಂದ ಬಂದಾಗಿನಿಂದ ಸಪ್ಪೆ."

ಅತ್ತೆಯ ಮುಖ ಕೆಂಪಾಯಿತು. "ಅಲ್ಲಾ ರೀ, ಇಷ್ಟು ದಿನ ಬಾಯಲ್ಲೇನು ಕಡುಬು ತುಂಬ್ಕೊಂಡಿದ್ರಾ? ಹೇಳೋಕೆ ಏನಾಗಿತ್ತು?"

ಹೇಳಿದ ಮೇಲೆ ಏನು ಹೇಳಿದೆನೆಂದು ಗೊತ್ತಾಗಿ ಬಾಯಿಗೆ ಕೈ ಇಟ್ಟುಕೊಂಡರು. ಮಾವ ಅವರನ್ನೇ ನೋಡಿದರು. ಭುಜ ಕುಲುಕತೊಡಗಿತು. ಹೆದರಿಬಿಟ್ಟೆ. ಆಮೇಲೆ ತಿಳಿಯಿತು, ನಗುತ್ತಿದ್ದರು. ಸದ್ದಿಲ್ಲದ ನಗು, ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಂಡು ಟಕ್ ಟಕ್ — "ಈಗ ಹೇಳಿದೆನಲ್ಲ. ಹೋಗಿ ಹಾಕು."

"ನಾನೇನು ನಿಮ್ಮ ಹೋಟ್ಲಲ್ಲಿ ಕೆಲ್ಸಕ್ಕಿದೀನಾ?"

ಶುರುವಾಯಿತು. ಅತ್ತೆಯ ಮಾತು ಹತ್ತಾದರೆ ಮಿಷನ್ನಿನದು ಒಂದು, ಆದರೆ ಆ ಒಂದು ಚುರುಕ್ ಅನ್ನುವಂಥದ್ದು. ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಹೋದೆ. ಅತ್ತೆ ಸಕ್ಕರೆ ಡಬ್ಬ ಎದೆಗೆ ಒತ್ತಿಕೊಂಡು ಅಳುತ್ತಾ ನಿಂತಿದ್ದರು. ನನ್ನನ್ನು ಕಂಡು, "ಈರುಳ್ಳಿ ಹೆಚ್ತಿದ್ದೆ" ಅಂದರು. ಈರುಳ್ಳಿ ಎಲ್ಲೂ ಇರಲಿಲ್ಲ.

ಮಾರ್ಚ್ 22, ಶನಿವಾರ

ಮನೆಯಲ್ಲಿ ಶಾಂತಿ ಅನ್ನುವುದೇ ಇಲ್ಲ. ದೇವರೇ, ಎಷ್ಟು ಚೆನ್ನಾಗಿದೆ!

ಮೇಲಿನ ಸಾಲಿನ ಕೀಗಳಿಗೆ ಅಕ್ಕ ಮಾವನ ಇಷ್ಟದ ಮಾತು ಕಟ್ಟಿಕೊಟ್ಟಿದ್ದಾಳೆ. ಒಂದು ಒತ್ತಿದರೆ "ಏನೇ ಇವಳೇ". ಇನ್ನೊಂದು ಒತ್ತಿದರೆ "ನಿನಗೆ ಗೊತ್ತಾಗಲ್ಲ ಸುಮ್ನಿರು". ಇದನ್ನು ಬೆಳಗಿನಿಂದ ಅದೆಷ್ಟು ಸಲ ಒತ್ತಿದ್ದಾರೋ, ಅದರ ಮೇಲಿನ ನೇಲ್ ಪಾಲಿಶ್ ಆಗಲೇ ಸವೆದಿದೆ.

ಅತ್ತೆಯೇನು ಕಡಿಮೆಯೇ? ಪಕ್ಕದಲ್ಲಿ ದನಿ ಇಳಿಸುವ ಪುಟ್ಟ ಚಕ್ರವಿದೆ, ಕಂಡುಹಿಡಿದುಬಿಟ್ಟಿದ್ದಾರೆ. ಮಾವ ಉದ್ದಕ್ಕೆ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಟೇಬಲ್ ಒರೆಸುವ ನೆಪದಲ್ಲಿ ಬಂದು ತಿರುಗಿಸಿ ಹೋಗುತ್ತಾರೆ. ಮಿಷನ್ ಗೊಣಗುತ್ತದೆ. ಇವತ್ತು ಮಾವ ಅದರ ಮೇಲೆ ಬಿಗಿಯಾಗಿ ಟೇಪ್ ಸುತ್ತಿದರು.

ಮಾರ್ಚ್ 26

ಗಿಣಿ ಬಂದಿದ್ದ. ಮಾವನ ಕೈಕೆಳಗೆ ಕೂಗಲು ಕಲಿತವನು, ಮಾತು ನಿಲ್ಲಿಸಲು ಬಾರದವನು, ಅದಕ್ಕೇ ಮಾರ್ಕೆಟ್ಟಿನಲ್ಲಿ ಆ ಹೆಸರು. ಈಗ ಮಾವನ ಜಾಗದಲ್ಲಿ ಅವನೇ ಕೂಗುವುದು. ಎಷ್ಟೋ ಸಲ ಬಂದು ಮುಚ್ಚಿದ ಕಣ್ಣು ನೋಡಿ ಹೋಗಿದ್ದ. ಇವತ್ತು ಮಾವ ಎದ್ದು ಕೂತರು.

"ಅಣ್ಣಾ, ಶನಿವಾರ ಬನ್ನಿ. ಒಂದು ರಾಶಿ ನೀವೇ ಕೂಗಿ."
"ಕೂಗೋಕೆ ಬಾಯೆಲ್ಲಿದೆ?" — ಮಿಷನ್.
"ಇದೆಯಲ್ಲಣ್ಣ, ಬೊಗಳೋದು ಬೇರೆ ಫ್ರೀ."

ಮಾವ ಕಿಟಕಿಯ ಕಡೆ ತಿರುಗಿದರು. ನಾನು ಲೋಟ ಎತ್ತಲೂ ಹೋಗಲಿಲ್ಲ, ಸದ್ದಾದರೆ ಕೆಟ್ಟೀತು ಅಂತ. ಕೊನೆಗೆ ಟಕ್ ಟಕ್ ಟಕ್.

"ಬ್ಯಾಟರಿ ಇಲ್ಲ. ವೈರ್ ಎಷ್ಟುದ್ದ ಬೇಕಾಗುತ್ತೆ?"

ಮಾರ್ಚ್ 29, ಶನಿವಾರ. ಬೆಳಗಿನ ಜಾವ

ಮಾವ ನನಗಿಂತ ಮೊದಲೇ ಎದ್ದು ಗಡ್ಡ ಹೆರೆದುಕೊಂಡಿದ್ದಾರೆ. ಕತ್ತಿಗೆ ಇಸ್ತ್ರಿ ಮಾಡಿದ ಬಟ್ಟೆ. ಜನ ನಕ್ಕರೆ? ನಕ್ಕರೆ ಮತ್ತೆ ಆ ಕೋಣೆ, ಆ ಗೋಡೆ. ಹೊರಡಬೇಕು.

ಅದೇ ದಿನ, ಮಧ್ಯಾಹ್ನ

ಎಲ್ಲಿಂದ ಶುರು ಮಾಡಲಿ!

ತಳ್ಳುಗಾಡಿಯ ಮೇಲೆ ಲ್ಯಾಪ್‌ಟಾಪ್. ತೂಕದ ಆಫೀಸಿನಿಂದ ಎಳೆದ ವೈರು. ಬಿಸಿಲಿಗೆ ಅಡ್ಡವಾಗಿ ನನ್ನ ಕೊಡೆ. ಗಿಣಿ ಅದನ್ನು ಮಾರ್ಕೆಟ್ಟಿನ ಲೌಡ್‌ಸ್ಪೀಕರಿಗೆ ಸಿಕ್ಕಿಸಿದ. ಆನ್ ಮಾಡಿದೆ. ಬೌ! ಬೌ! ಇಡೀ ಮಾರ್ಕೆಟ್ ಬೆಚ್ಚಿತು. ಮೂಲೆಯಲ್ಲಿದ್ದ ನಿಜವಾದ ನಾಯಿಗಳು ಉತ್ತರ ಕೊಟ್ಟವು.

ಎದುರಿಗೆ ಕುಂಬಳಕಾಯಿ ರಾಶಿ. ಮಾವ ಶುರು ಮಾಡಿದರು. ಮೂರು ಮಾತೂ ಆಗಿರಲಿಲ್ಲ, ಮೂಟೆ ಹೊತ್ತವನೊಬ್ಬ ವೈರು ಎಡವಿದ. ಪ್ಲಗ್ ಕಿತ್ತಿತು, ಪರದೆ ಆರಿತು. ಮಾವ ಅಷ್ಟು ಜನರ ನಡುವೆ ತೆರೆದ ಬಾಯಿ ಹಾಗೇ ಬಿಟ್ಟು ನಿಂತರು. ಪ್ಲಗ್ ಚುಚ್ಚಿದೆ. ಹಳೆಯ ಸಿಸ್ಟಮ್ ಆಗಿದ್ದರೆ ಕುಂಬಳಕಾಯಿ ಕೊಳೆತಿರುತ್ತಿತ್ತು. ಇದು ಗಿಣಿ ಒಂದು ಜೋಕ್ ಹೇಳಿ ಮುಗಿಸುವಷ್ಟರಲ್ಲಿ ಎದ್ದಿತು — ಬೌ! ಬೌ! — ಈ ಸಲ ಜನವೇ ತಿರುಗಿ ಬೊಗಳಿದರು!

ಆದರೂ ಆ ಡಬ್ಬದ ದನಿಗೆ ಸವಾಲು ಕೂಗಲು ಯಾರಿಗೂ ಬಾಯಿ ಬರಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ಆಗ ಹಿಂದಿನಿಂದ ಒಂದು ಹೆಂಗಸಿನ ಕೈ ಎದ್ದಿತು. "ನಾನು ತಗೋತೀನಿ!" ಅತ್ತೆ. ಇಡೀ ರಾಶಿಗೆ!

ಮಾವ ಕಣ್ಣು ಕಿರಿದು ಮಾಡಿ ನೋಡಿದರು. ಟಕ್ ಟಕ್ ಟಕ್. ಲೌಡ್‌ಸ್ಪೀಕರಿನಲ್ಲಿ — "ಆ ಹೆಂಗಸಿಗೆ ಕೊಡೋದಿಲ್ಲ. ವರ್ಷವಿಡೀ ನಾನೇ ತಿನ್ನಬೇಕಾಗುತ್ತೆ."

ಮಾರ್ಕೆಟ್ ಬಿದ್ದು ಬಿದ್ದು ನಕ್ಕಿತು. ಮಾವನ ಮುಖ ನೋಡಿದೆ. ಅವರನ್ನು ನೋಡಿ ನಕ್ಕದ್ದಲ್ಲ, ಅವರೇ ನಗಿಸಿದ್ದು — ಅದು ಅವರಿಗೆ ಗೊತ್ತಿತ್ತು. ಆಮೇಲೆ ಕೂಗೇ ಕೂಗು, ಎಡದಿಂದ, ಬಲದಿಂದ. "ಒಂದು ಸಾರಿ... ಎರಡು ಸಾರಿ..." ಮೂರನೆಯದಕ್ಕೆ ಬೆರಳನ್ನು ಕೀ ಮೇಲೆ ಎತ್ತಿ ಹಿಡಿದು, ಹುಬ್ಬು ಹಾರಿಸಿ, ಒಬ್ಬೊಬ್ಬರನ್ನೇ ನೋಡಿದರು. ಆ ಬೆರಳು ನೋಡಿಯೇ ಇಬ್ಬರು ಇನ್ನೂ ಮೇಲೆ ಹೋದರು. ಗಿಣಿ ನನ್ನ ಕಿವಿಯಲ್ಲಿ, "ನಾನು ಗಂಟಲು ಹರ್ಕೊಂಡ್ರೂ ಇಷ್ಟು ಏರಲ್ಲಕ್ಕಾ" ಅಂದ.

ಮನೆಗೆ ಬರುವಾಗ ಅತ್ತೆ ಮಾವ ಮುಂದೆ ನಡೆಯುತ್ತಿದ್ದರು. ಲ್ಯಾಪ್‌ಟಾಪ್ ನನ್ನ ಹೆಗಲಲ್ಲಿತ್ತು, ಹಾಗಾಗಿ ಅತ್ತೆಯೊಬ್ಬರದೇ ಮಾತು. ಮಾವ ಅವರ ಕೈ ಹಿಡಿದಿದ್ದರು. ಬೀದಿಯಲ್ಲಿ!

ಏಪ್ರಿಲ್ 13, ಭಾನುವಾರ

ಬರೆಯಲು ಪುರುಸೊತ್ತೇ ಇಲ್ಲ. ಪ್ರತಿ ಶನಿವಾರ ಮಾರ್ಕೆಟ್. ಆಸ್ಪತ್ರೆಯಲ್ಲಿ ವಿಷಯ ಹಬ್ಬಿದೆ. ಅಕ್ಕನ ಅಂಗಡಿಗೆ ಜನ ಅಟ್ಟದ ಹಳೆ ಲ್ಯಾಪ್‌ಟಾಪುಗಳನ್ನು ತಂದು ಕೊಡುತ್ತಿದ್ದಾರೆ. ನನ್ನದು ನೇಲ್ ಪಾಲಿಶ್ ಡಿಪಾರ್ಟ್‌ಮೆಂಟ್.

ಇವತ್ತು ಮಧ್ಯಾಹ್ನ ಒಬ್ಬರು ಬಂದಿದ್ದಾರೆ, ಟ್ರಾಫಿಕ್ ಪೊಲೀಸ್ ಆಗಿದ್ದ ಹೆಂಗಸು. ಮಾವನಿಗಾದದ್ದೇ ಆಪರೇಷನ್. ಜೊತೆಗೆ ಮಗಳು. "ನಮ್ಮಮ್ಮ ಮುಖ ಎತ್ತಿ ನೋಡೋದೂ ಬಿಟ್ಟಿದ್ದಾರೆ" ಅಂದಳು. ಮಾವ ತಮ್ಮ ಮಿಷನ್ ಎದುರು ಕುರ್ಚಿ ಎಳೆದುಕೊಟ್ಟು ತಾವು ಪಕ್ಕದಲ್ಲಿ ಕೂತಿದ್ದಾರೆ, ಮೇಷ್ಟ್ರ ಗತ್ತು. ಅತ್ತೆ, "ನಿಧಾನ ಕಣಮ್ಮ, ಇವ್ರ ಮಾತು ಕೇಳ್ಬೇಡ" ಅಂದರು. ಮಗಳು ಅಕ್ಷರ ತೋರಿಸಲು ಬಗ್ಗಿದಳು. ಆಕೆ ಅಂಗೈ ಎತ್ತಿ ಇಬ್ಬರನ್ನೂ ತಡೆದರು, ನಡುರಸ್ತೆಯಲ್ಲಿ ಲಾರಿ ನಿಲ್ಲಿಸಿದ ಹಾಗೆ. ಮಾವ ಖುಷಿಯಿಂದ ತೊಡೆ ತಟ್ಟಿಕೊಂಡರು.

ಇಲ್ಲೇ ಕೂತು ಬರೆಯುತ್ತಿದ್ದೇನೆ. ಆಕೆ ಇನ್ನೂ ಹುಡುಕುತ್ತಿದ್ದಾರೆ. ಟಕ್. ಟಕ್. ಉದ್ದವಾದದ್ದೇ ಇರಬೇಕು. ಮಗಳು ದುಪಟ್ಟಾ ಬಾಯಿಗೆ ಒತ್ತಿಕೊಂಡಿದ್ದಾಳೆ. ಅತ್ತೆ ಸೌಟು ಹಿಡಿದೇ ಬಂದು ನಿಂತರು. ಆಕೆ ಬೆರಳು ಎತ್ತಿದರು. ಮಗಳ ಕಡೆ ನೋಡುತ್ತಿದ್ದಾರೆ. ನಗುತ್ತಿದ್ದಾರೆ! ಒತ್ತಿದರು—